ಹೊರದೇಶದ ಸಣ್ಣ ಊರಿಗೆ ಹೊರಟ ಜೋಡಿಗೆ: ನೂಪುಟ್ಟು ಒರಳು, ಕಾಚಂಪುಳಿ, ಕಾಫಿ ಫಿಲ್ಟರ್ — ಯಾವುದು ಹೊರಲು ಯೋಗ್ಯ?

ಮದುವೆಯಾಗಿ ಹೊರದೇಶಕ್ಕೆ ಹೊರಟವರ ಸೂಟ್‌ಕೇಸಿಗೆ ಕೊಡಗಿನ ಮನೆಗಳಲ್ಲಿ ತುಂಬಿಸುವ ಸಾಮಾನು ನೋಡಿದರೆ, ಅಲ್ಲಿ ಇಬ್ಬರು ಸಂಸಾರ ಹೂಡುತ್ತಾರೋ ಇಡೀ ಒಕ್ಕಕ್ಕೆ (ಮನೆತನಕ್ಕೆ) ಪುತ್ತರಿ ಹಬ್ಬದ ಊಟ ಬಡಿಸುತ್ತಾರೋ ಎಂಬ ಅನುಮಾನ ಬರುತ್ತದೆ. ಹತ್ತು ಜನರ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಒಂದೇ ಸಲಕ್ಕೆ ಬೇಯುವ ಅಲ್ಯೂಮಿನಿಯಂ ಪಾತ್ರೆ, ಕಾಚಂಪುಳಿ ಎಂಬ ಕಪ್ಪು ಹುಳಿ ಒಂದು ಲೀಟರ್, ಐದು ಕಿಲೊ ಅಕ್ಕಿ ತರಿ. ಒಬ್ಬರಿಗೆ 23 ಕಿಲೊ ಎಂದು ಹಿಡಿದರೆ ಇಬ್ಬರಿಗೆ ಸಿಗುವುದು 46 ಕಿಲೊ. ಅದರಲ್ಲಿ ಚಳಿಗಾಲದ ಬಟ್ಟೆಯೇ ಅರ್ಧ ತಿನ್ನುತ್ತದೆ. ಉಳಿದದ್ದರಲ್ಲಿ ಅಡುಗೆಮನೆಗೆ ನಾಲ್ಕು ಕಿಲೊ ಬಿಟ್ಟರೆ ದೊಡ್ಡದು.

ಹಾಗಾಗಿ ಇಲ್ಲಿ ನೋಡಿರುವುದು ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದ ಪಾತ್ರೆ ಅಂಗಡಿ, ದಿನಸಿ ಅಂಗಡಿಗಳಲ್ಲಿ ಸಿಗುವ ಸಾಮಾನನ್ನೇ, ಆದರೆ ಬೇರೆ ಕಣ್ಣಿನಿಂದ. ದೊಡ್ಡ ನಗರಕ್ಕೆ ಹೋಗುವವರಿಗೆ ಇದು ಅಷ್ಟಾಗಿ ಬೇಕಿಲ್ಲ, ಅಲ್ಲಿ ಬಸ್ಸು ಹತ್ತಿದರೆ ಮಲಯಾಳಿ ಅಂಗಡಿ ಸಿಗುತ್ತದೆ. ಭಾರತೀಯ ದಿನಸಿಗೆ ಒಂದೆರಡು ಗಂಟೆ ಕಾರು ಓಡಿಸಬೇಕಾದ, ಊರಲ್ಲಿರುವುದು ಒಂದೇ ಸೂಪರ್‌ಮಾರ್ಕೆಟ್, ಬಾಡಿಗೆ ಮನೆಯಲ್ಲಿರುವುದು ಗಾಜಿನ ಮೇಲ್ಮೈಯ ಕರೆಂಟ್ ಒಲೆ ಎಂಬ ಊರುಗಳಿಗೆ ಹೋಗುವವರಿಗಾಗಿ ಈ ಬರಹ.

ಮೊದಲು ಒರಳು. ನೂಪುಟ್ಟು (ಅಕ್ಕಿ ಹಿಟ್ಟಿನ ಶಾವಿಗೆ) ಒತ್ತಲು ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಮೂರು ಬಗೆ. ನೆಲದ ಮೇಲೆ ನಿಲ್ಲುವ ಮೂರು ಕಾಲಿನ ತಿರುಪಿನ ಒರಳು, ಎರಡು ಕೈಯಲ್ಲಿ ಹಿಡಿದು ಅದುಮುವ ಮರದ್ದು, ಮೇಲಿನ ಹಿಡಿ ತಿರುಗಿಸುವ ಹಿತ್ತಾಳೆಯ ಅಥವಾ ಸ್ಟೀಲಿನ ಕೈ ಒರಳು. ಮೂರು ಕಾಲಿನದರಷ್ಟು ಸುಲಭವಾಗಿ ಒತ್ತುವುದು ಬೇರೆ ಯಾವುದೂ ಇಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಲು ಬಿಚ್ಚಿದರೂ ಸೂಟ್‌ಕೇಸಿನ ಅರ್ಧ ಜಾಗ ಹಿಡಿಯುತ್ತದೆ, ಒಂದು ಲೋಟ ಹಿಟ್ಟಿಗೆ ಇಷ್ಟು ದೊಡ್ಡ ಕೊಳವೆ ತೊಳೆಯುವ ಕೆಲಸವೇ ಒತ್ತುವ ಕೆಲಸಕ್ಕಿಂತ ಹೆಚ್ಚು. ಮನೆಯಲ್ಲೇ ಇರಲಿ.

ಮರದ್ದು ನೋಡಲು ಚೆಂದ, ಹಗುರ. ಅದನ್ನು ಒಯ್ಯಬೇಡಿ ಎನ್ನುವುದಕ್ಕೆ ಕಾರಣ ತೂಕವಲ್ಲ, ಹವೆ. ಕೊಡಗಿನ ತೇವದಲ್ಲಿ ಮರ ಸದಾ ಸ್ವಲ್ಪ ನೀರು ಕುಡಿದುಕೊಂಡೇ ಇರುತ್ತದೆ. ಚಳಿ ದೇಶದ ಮನೆಗಳಲ್ಲಿ ಡಿಸೆಂಬರಿನಿಂದ ಹೀಟರ್ ಹಗಲು ರಾತ್ರಿ ಉರಿಯುವಾಗ ಒಳಗಿನ ಗಾಳಿ ಒಣಗಿ ಹೋಗುತ್ತದೆ. ಮರ ಕುಗ್ಗುತ್ತದೆ, ಕೊಳವೆಯ ಉದ್ದಕ್ಕೂ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಹಿಟ್ಟು ಸೇರಿದರೆ ಎಷ್ಟು ಉಜ್ಜಿದರೂ ಹೋಗದು, ಒಂದು ವಾರದಲ್ಲಿ ಹುಳಿ ವಾಸನೆ. ತೆಂಗಿನೆಣ್ಣೆ ಸವರಿ ಇಟ್ಟರೆ ತಡೆಯುತ್ತದೆ ಎನ್ನುತ್ತಾರೆ, ಸ್ವಲ್ಪ ಕಾಲ ತಡೆಯುತ್ತದೆ ಅಷ್ಟೆ.

ಉಳಿದದ್ದು ಕೈ ಒರಳು. ಇಬ್ಬರಿಗೆ ಇದೇ ಸರಿ. ಹಿತ್ತಾಳೆಯದು ಸುಮಾರು ಒಂದು ಕಿಲೊ ತೂಗುತ್ತದೆ, ಸ್ಟೀಲಿನದು ಅದಕ್ಕಿಂತ ಹಗುರ. ಅಲ್ಯೂಮಿನಿಯಂ ಇನ್ನೂ ಅಗ್ಗ, ಇನ್ನೂ ಹಗುರ, ಆದರೆ ಅದರ ತಿರುಪಿನ ಗೀರು ಬೇಗ ಸವೆಯುತ್ತದೆ. ಸವೆದ ತಿರುಪು ಅರ್ಧದಲ್ಲಿ ಜಾರಿ ಸುಮ್ಮನೆ ಸುತ್ತತೊಡಗಿದರೆ ಒಳಗಿನ ಹಿಟ್ಟು ಅಲ್ಲೇ ತಣ್ಣಗಾಗಿ ಕಲ್ಲಾಗುತ್ತದೆ. ಅಂಗಡಿಯಲ್ಲಿ ಕೊಳ್ಳುವ ಮುಂಚೆ ಖಾಲಿ ಒರಳಿನ ಹಿಡಿಯನ್ನು ಮೇಲಿನಿಂದ ತಳದವರೆಗೆ ಪೂರ್ತಿ ತಿರುಗಿಸಿ ನೋಡಿ. ಎಲ್ಲಿಯೂ ಕಚ್ಚಬಾರದು, ಎಲ್ಲಿಯೂ ಅಲ್ಲಾಡಬಾರದು. ಒತ್ತುವ ಬಿಲ್ಲೆಗೂ ಕೊಳವೆಯ ಗೋಡೆಗೂ ನಡುವೆ ಉಗುರು ತೂರುವಷ್ಟು ಸಂದು ಇದ್ದರೆ ಬೇಡ, ಹಿಟ್ಟು ಕೆಳಗೆ ಬರುವ ಬದಲು ಪಕ್ಕದಿಂದ ಮೇಲೇರುತ್ತದೆ. ನೂಪುಟ್ಟಿನ ಸಣ್ಣ ತೂತಿನ ಬಿಲ್ಲೆಯನ್ನು ಬೆಳಕಿಗೆ ಹಿಡಿದು ತೂತುಗಳೆಲ್ಲ ಪೂರ್ತಿ ಕೊರೆದಿವೆಯೇ ನೋಡಿ. ಕೊರೆದಾಗಿನ ಲೋಹದ ಮುಳ್ಳು ಉಳಿದಿದ್ದರೆ ಎಳೆ ಹರಿದು ಹರಿದು ಬೀಳುತ್ತದೆ. ಚಕ್ಕುಲಿ, ಖಾರಕಡ್ಡಿ, ರಿಬ್ಬನ್ನು ಎಂದು ಏಳೆಂಟು ಬಿಲ್ಲೆ ಕೊಡುತ್ತಾರೆ. ಎರಡು ಸಾಕು, ಉಳಿದದ್ದು ಇಲ್ಲೇ ಬಿಡಿ. ಸಿಕ್ಕಿದರೆ ಸಣ್ಣ ತೂತಿನದನ್ನೇ ಇನ್ನೊಂದು ಕೇಳಿ, ಬಗ್ಗುವುದು ಯಾವಾಗಲೂ ಅದೇ.

ಕೈ ಒರಳಿನ ಒಂದೇ ಒಂದು ದೋಷ ಎಂದರೆ ಶಕ್ತಿ ಬೇಕು. ಆ ದೋಷ ಮುಕ್ಕಾಲು ಪಾಲು ಒರಳಿನದ್ದಲ್ಲ, ಹಿಟ್ಟಿನದ್ದು. ಬೆಂದ ಅಕ್ಕಿ ಹಿಟ್ಟು ಬಿಸಿ ಇದ್ದಾಗ ಬೆಣ್ಣೆ, ಆರಿದರೆ ಮಣ್ಣು. ತಣ್ಣಗಾಗುತ್ತಿದ್ದಂತೆ ಅದರ ಪಿಷ್ಟ ಬಿಗಿಯುತ್ತದೆ, ಮತ್ತೆ ನೀರು ಚಿಮುಕಿಸಿದರೂ ಮೊದಲಿನಂತಾಗದು. ಇಬ್ಬರ ಲೆಕ್ಕ ಹೀಗೆ: ಒಂದೂವರೆ ಲೋಟ ನೀರು ಕುದಿಸಿ, ಅರ್ಧ ಚಮಚ ಉಪ್ಪು, ಒಂದು ಚಮಚ ಎಣ್ಣೆ ಹಾಕಿ, ಒಂದು ಲೋಟ ಅಕ್ಕಿ ಹಿಟ್ಟು ಸುರಿದು, ಉರಿ ಸಣ್ಣ ಮಾಡಿ ಮುಚ್ಚಿ ಐದು ನಿಮಿಷ. ಗಂಟಿಲ್ಲದಂತೆ ಮಗುಚಿ, ಕೈಗೆ ನೀರು ಹಚ್ಚಿಕೊಂಡು ಬಿಸಿಯಲ್ಲೇ ನಾದಿ, ಕೊಳವೆಯೊಳಗೆ ಇಳಿಯುವಷ್ಟು ದಪ್ಪದ ಉದ್ದುಂಡೆ ಕಟ್ಟಿ ಹದಿನೈದು ನಿಮಿಷ ಹಬೆಯಲ್ಲಿ ಬೇಯಿಸಬೇಕು. ಆಮೇಲೆ ಎಲ್ಲವನ್ನೂ ಹೊರಗೆ ತೆಗೆದು ಸಾಲಾಗಿ ಇಡುವುದೇ ಎಲ್ಲರೂ ಮಾಡುವ ತಪ್ಪು. ಒಲೆ ಆರಿಸದೆ ಒಂದೊಂದೇ ಉಂಡೆ ತೆಗೆದು ಒತ್ತಬೇಕು. ಒರಳನ್ನೂ ಮೊದಲು ಬಿಸಿನೀರಿನಲ್ಲಿ ಅದ್ದಿ ಬಿಸಿ ಮಾಡಿಕೊಂಡರೆ ಒಳ್ಳೆಯದು, ಅಲ್ಲಿನ ಚಳಿಗೆ ಹಿತ್ತಾಳೆ ಮಂಜುಗಡ್ಡೆಯಂತೆ ಇರುತ್ತದೆ, ಉಂಡೆಯ ಬಿಸಿಯನ್ನೆಲ್ಲ ಅದೇ ಹೀರಿಬಿಡುತ್ತದೆ. ಇಬ್ಬರಿದ್ದರೆ ಒಬ್ಬರು ಹಿಡಿಯುವುದು, ಇನ್ನೊಬ್ಬರು ತಿರುಗಿಸುವುದು.

ಹಿತ್ತಾಳೆ ಕೊಂಡರೆ ತೊಳೆದು ಒರೆಸಿ ಇಡಬೇಕು, ಒದ್ದೆ ಬಿಟ್ಟರೆ ಕಿಲುಬು ಹಿಡಿಯುತ್ತದೆ. ಪಾತ್ರೆ ತೊಳೆಯುವ ಮೆಷಿನ್‌ಗೆ ಹಾಕಲೇಬಾರದು. ಈ ತಲೆನೋವು ಬೇಡ ಎನ್ನುವವರಿಗೆ ಸ್ಟೀಲ್.

ಈಗ ಬೇಯಿಸುವ ಪಾತ್ರೆ. ಇದನ್ನು ಇಲ್ಲಿಂದ ಒಯ್ಯುವುದು ಶುದ್ಧ ನಷ್ಟ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ ಯಾವುದೂ ಇಂಡಕ್ಷನ್ ಒಲೆಯ ಮೇಲೆ ಕಾಯದು. ಸ್ಟೀಲು ಎಂದ ಮಾತ್ರಕ್ಕೂ ಆಗಲಿಲ್ಲ, ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ. ಒಲೆ ಇಂಡಕ್ಷನ್ ಅಲ್ಲ, ಬರೀ ಗಾಜಿನದ್ದು ಎಂದಾದರೆ ಅಲ್ಯೂಮಿನಿಯಂ ಕಾಯುತ್ತದೆ, ಆದರೆ ತಳ ಚಪ್ಪಟೆ ಇರಬೇಕು. ನಮ್ಮ ಗುಂಡು ತಳದ ಬಾಣಲೆ ಎರಡಕ್ಕೂ ಆಗದು. ಬದಲಿಗೆ ಅಲ್ಲಿ ಚೀನೀಯರ ಅಥವಾ ವಿಯೆಟ್ನಾಮಿನವರ ಅಂಗಡಿ ಇದ್ದರೆ 20 ಸೆಂಟಿಮೀಟರಿನ ಬಿದಿರಿನ ಹಬೆ ಬುಟ್ಟಿ ಕೊಳ್ಳಿ. ಕಡಂಬುಟ್ಟಿಗೆ ಇದು ನಮ್ಮ ಪಾತ್ರೆಗಿಂತ ಮೇಲು ಎಂದು ಹೇಳಲು ಸ್ವಲ್ಪ ಸಂಕೋಚವಾಗುತ್ತದೆ, ಆದರೂ ನಿಜ. ಲೋಹದ ಮುಚ್ಚಳದಿಂದ ತೊಟ್ಟಿಕ್ಕುವ ನೀರು ಉಂಡೆಯ ನೆತ್ತಿಯನ್ನು ಮೆತ್ತಗೆ ಮಾಡುತ್ತದೆ, ಬಿದಿರು ಆ ಹನಿಯನ್ನು ತಾನೇ ಹೀರಿಕೊಳ್ಳುತ್ತದೆ. ಕೆಳಗಿನ ಪಾತ್ರೆಯ ಬಾಯಿ ಬುಟ್ಟಿಗಿಂತ ಕೊಂಚ ಚಿಕ್ಕದಿರಲಿ, ಬುಟ್ಟಿ ಅಂಚಿನ ಮೇಲೆ ಕೂರಬೇಕು. ದೊಡ್ಡ ಪಾತ್ರೆಯೊಳಗೆ ಇಳಿಸಿದರೆ ಬಿದಿರಿನ ತಳ ನೀರಿನಲ್ಲಿ ನೆನೆದು, ನೀರು ಆರಿದಾಗ ಕರಟುತ್ತದೆ. ಒಳಗೆ ತೆಳು ಬಟ್ಟೆ ಹಾಸಿ. ಕೊಡಗಿನ ಜುಲೈಯಲ್ಲಾದರೆ ಈ ಬುಟ್ಟಿಗೆ ಮೂರೇ ದಿನದಲ್ಲಿ ಬೂಷ್ಟು ಬರುತ್ತಿತ್ತು. ಹೀಟರ್ ಇರುವ ಮನೆಯಲ್ಲಿ ಒಂದು ರಾತ್ರಿಗೆ ಒಣಗುತ್ತದೆ. ತಟ್ಟೆಯಲ್ಲಿ ಬೇಯಿಸುವ ತರಿ-ತೆಂಗಿನ ಪಾಪುಟ್ಟಿಗೆ ಮಾತ್ರ ಬುಟ್ಟಿಯೊಳಗೆ ಕೂರುವ, ಅಂಚಿರುವ ಒಂದು ಸ್ಟೀಲ್ ತಟ್ಟೆ ಇಲ್ಲಿಂದಲೇ ಒಯ್ಯಿರಿ. ಬುಟ್ಟಿಯ ಅಳತೆಗಿಂತ ಎರಡು ಬೆರಳು ಚಿಕ್ಕದಿರಲಿ, ಹಬೆ ಮೇಲೇರಲು ದಾರಿ ಬೇಕು.

ತರಿಯ ವಿಚಾರ. ಗೋಣಿಕೊಪ್ಪದ ಗಿರಣಿಯಿಂದ ತಂದ ತರಿ ಎಷ್ಟೇ ಚೆನ್ನಾಗಿದ್ದರೂ ಅದನ್ನು ಆಸ್ಟ್ರೇಲಿಯಕ್ಕೋ ಅಮೆರಿಕಕ್ಕೋ ಒಯ್ಯಲಾಗದು. ಖಾಪ್ರಾ ಎಂಬ ಧಾನ್ಯದ ಹುಳದ ಭಯದಿಂದ ಭಾರತದಿಂದ ಬರುವ ಪ್ರಯಾಣಿಕರ ಲಗೇಜಿನಲ್ಲಿ ಹಸಿ ಅಕ್ಕಿಯನ್ನು ಎರಡೂ ದೇಶಗಳು ಬಿಡುವುದಿಲ್ಲ. ಆಸ್ಟ್ರೇಲಿಯದ ಪಟ್ಟಿಯಲ್ಲಿ ಬೇಳೆಕಾಳು, ಕೊತ್ತಂಬರಿ ಬೀಜ, ಜೀರಿಗೆ, ಒಣಮೆಣಸಿನಕಾಯಿಯೂ ಇವೆ. ಬೇಸರಪಡಬೇಕಾಗಿಲ್ಲ, ತರಿ ಅಲ್ಲೇ ಮಾಡಿಕೊಳ್ಳಬಹುದು. ಎರಡು ಲೋಟ ಅಕ್ಕಿ ಎರಡು ಸಲ ತೊಳೆದು, ಕಾಲು ಗಂಟೆ ಬಸಿದು, ಬಟ್ಟೆಯ ಮೇಲೆ ಮುಕ್ಕಾಲು ಗಂಟೆ ಹರಡಿ. ಕೈಗೆ ಅಂಟಬಾರದು, ಕಚ್ಚಿದರೆ ಸುಲಭವಾಗಿ ಮುರಿಯಬೇಕು. ಮಿಕ್ಸಿಯಲ್ಲಿ ಎರಡೆರಡು ಸೆಕೆಂಡಿನಂತೆ ಮೂರು ನಾಲ್ಕು ಸಲ ಬಿಟ್ಟು ಬಿಟ್ಟು ತಿರುಗಿಸಿ ಜರಡಿ ಹಿಡಿಯಿರಿ. ಕೆಳಗೆ ಬಿದ್ದ ಹಿಟ್ಟು ಅಕ್ಕಿ ರೊಟ್ಟಿಗೆ, ಮೇಲುಳಿದದ್ದು ಕಡಂಬುಟ್ಟಿಗೆ. ಜರಡಿ ಹಿಡಿಯದೆ ಹಾಗೇ ಬಳಸಿದರೆ ಉಂಡೆ ಗೋಂದಾಗುತ್ತದೆ. ತಕ್ಷಣ ಬಳಸದಿದ್ದರೆ ಪೂರ್ತಿ ಒಣಗಿಸಿಯೇ ಡಬ್ಬಿಗೆ ತುಂಬಬೇಕು.

ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುವುದು ಬಾಸ್ಮತಿ ಇಲ್ಲವೇ ಥಾಯ್ ಜಾಸ್ಮಿನ್. ಬಾಸ್ಮತಿಯ ತರಿ ಉದುರು, ಉಂಡೆ ಬಿರಿಯುತ್ತದೆ. ಜಾಸ್ಮಿನ್ ಅಂಟು. ಅರ್ಧ ಅರ್ಧ ಬೆರೆಸಿದರೆ ಹದ ಹತ್ತಿರ ಬರುತ್ತದೆ, ಪರಿಮಳ ಬೇರೆಯೇ ಆಗಿರುತ್ತದೆ, ಅದನ್ನು ಸಹಿಸಿಕೊಳ್ಳಬೇಕು. ವಿಯೆಟ್ನಾಮಿನ ಅಂಗಡಿಯಲ್ಲಿ ನುಚ್ಚಕ್ಕಿಯೇ ಚೀಲದಲ್ಲಿ ಸಿಗುತ್ತದೆ, ಅದಕ್ಕೆ ನೀರು ಸ್ವಲ್ಪ ಕಡಿಮೆ ಸಾಕು. ಊರಿನ ತರಿಗೆ ಒಂದು ಲೋಟಕ್ಕೆ ಎರಡೂಕಾಲು ಲೋಟ ನೀರಾದರೆ ಇದಕ್ಕೆ ಎರಡೇ ಲೋಟ. ನೀರು ಹೀರಿ ಗಟ್ಟಿಯಾದ ಮೇಲೆ ಮುಚ್ಚಿ ಹತ್ತು ನಿಮಿಷ ಬಿಡುವುದು ನಮ್ಮ ರೂಢಿ. ಗಾಜಿನ ಒಲೆಯಲ್ಲಿ ಸ್ವಿಚ್ ಆರಿಸಿದರೂ ತಟ್ಟೆ ಬಹಳ ಹೊತ್ತು ಕಾದೇ ಇರುತ್ತದೆ, ಪಾತ್ರೆಯನ್ನು ಎತ್ತಿ ಪಕ್ಕಕ್ಕೆ ಇಡದಿದ್ದರೆ ತಳ ಹಿಡಿಯುತ್ತದೆ. ದೊಡ್ಡ ನಿಂಬೆ ಗಾತ್ರದ ಎಂಟು ಉಂಡೆಯಾಗುತ್ತದೆ, ಹಬೆಯಲ್ಲಿ ಹದಿನೈದರಿಂದ ಇಪ್ಪತ್ತು ನಿಮಿಷ. ಪಾಪುಟ್ಟಿಗಾದರೆ ಒಂದು ಲೋಟ ತರಿಗೆ ಒಂದು ಲೋಟ ಹಾಲು, ಒಂದು ಲೋಟ ನೀರು, ಅರ್ಧ ಲೋಟ ತೆಂಗಿನ ತುರಿ. ಕೊಬ್ಬು ತೆಗೆದ ಹಾಲು ಬೇಡ. ತರಿ ತಳಕ್ಕಿಳಿಯುವುದರಿಂದ ತಟ್ಟೆಗೆ ಸುರಿಯುವ ಕ್ಷಣದಲ್ಲಿ ಮತ್ತೊಮ್ಮೆ ಕದಡಬೇಕು. ತೆಂಗಿಗೆ ಫ್ರೀಜರಿನ ತುರಿ ಉತ್ತಮ, ಅದು ಸಿಗದಿದ್ದರೆ ಸಕ್ಕರೆ ಹಾಕದ ಒಣ ತುರಿಯನ್ನು ಬೆಚ್ಚಗಿನ ಹಾಲಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ.

ಕಾಚಂಪುಳಿ ಮಾತ್ರ ಇಲ್ಲಿಂದಲೇ ಹೋಗಬೇಕು. ಪಣಪುಳಿ ಹಣ್ಣಿನ ರಸ ಬಸಿದು, ಕಪ್ಪಾಗುವವರೆಗೆ ಕಾಯಿಸಿ ಬತ್ತಿಸಿದ ಈ ಹುಳಿಗೆ ಬದಲಿ ಆ ಊರುಗಳಲ್ಲಿ ಇಲ್ಲ. ಇಟಲಿಯ ಬಾಲ್ಸಾಮಿಕ್ ವಿನೆಗರ್ ಹಾಕಿ ನೋಡುವವರಿದ್ದಾರೆ, ಬಣ್ಣ ಬರುತ್ತದೆ, ಜೊತೆಗೆ ಬೇಡದ ಸಿಹಿಯೂ ಬರುತ್ತದೆ. ತುರ್ತಿಗೆ ಕೇರಳದ ಕುಡಂಪುಳಿ ಆದೀತು. ಅದೂ ಇದೇ ಮರದ ಹಣ್ಣಿನ ಸಿಪ್ಪೆ, ಹೊಗೆಗೆ ಒಣಗಿಸಿದ್ದು. ಎರಡು ಎಸಳನ್ನು ಕಾಲು ಲೋಟ ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಆ ನೀರನ್ನು ಅರ್ಧಕ್ಕೆ ಇಳಿಸಬೇಕು. ಪುನರ್ಪುಳಿ ಬೇರೆ ಜಾತಿ, ಅದು ಪಂದಿ ಕರಿಗೆ (ಹಂದಿ ಮಾಂಸದ ಸಾರಿಗೆ) ಒಗ್ಗದು.

ಅಂಗಡಿಯ ಕಾಚಂಪುಳಿಯಲ್ಲಿ ಗುಣಕ್ಕೂ ಬೆಲೆಗೂ ಯಾವಾಗಲೂ ನಂಟಿಲ್ಲ. ಪ್ರವಾಸಿಗರು ತಿರುಗುವ ದಾರಿಯ ಮಸಾಲೆ ಅಂಗಡಿಗಳ ಚೆಂದದ ಲೇಬಲ್‌ಗಿಂತ ಬಾಟಲಿಯನ್ನು ಓರೆ ಮಾಡಿ ನೋಡುವುದು ಮೇಲು. ಚೆನ್ನಾಗಿ ಬತ್ತಿಸಿದ್ದು ಗಾಜಿಗೆ ಮೆತ್ತಿಕೊಂಡು ನಿಧಾನ ಇಳಿಯುತ್ತದೆ. ನೀರಿನಂತೆ ಓಡಿದರೆ ಕಾಯಿಸಿದ್ದು ಸಾಲದು, ಅಂಥದ್ದು ಕೆಲವು ತಿಂಗಳಲ್ಲಿ ಮೇಲೆ ಬೂಷ್ಟು ಕಟ್ಟುತ್ತದೆ. ಮಂದವಾಗಿದ್ದೂ ನಾಲಿಗೆಗೆ ಮೊದಲು ಸಿಹಿ ತಗುಲಿದರೆ ಬೆಲ್ಲದ ಪಾಕ ಬೆರೆತಿದೆ ಎಂದೇ ತಿಳಿಯಿರಿ. ಅಸಲಿಯ ಒಂದು ಹನಿ ಹಲ್ಲು ಚುಳ್ ಎನ್ನಿಸುತ್ತದೆ. ಲೋಹದ ಮುಚ್ಚಳ ಬೇಡ, ಹುಳಿ ಅದನ್ನು ತಿಂದು ತುಕ್ಕು ಒಳಗಿಳಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಪಂದಿ ಬೇಯಿಸಬಾರದು ಎನ್ನುವುದೂ ಇದಕ್ಕೇ.

ಎಷ್ಟು ಬೇಕು? ಅರ್ಧ ಕಿಲೊ ಹಂದಿ ಮಾಂಸಕ್ಕೆ ಗಟ್ಟಿ ಕಾಚಂಪುಳಿ ಒಂದೂವರೆ ಟೀ ಚಮಚ, ಅಂದರೆ ಏಳೂವರೆ ಮಿಲಿಲೀಟರ್. ತಿಂಗಳಿಗೆ ಎರಡು ಸಲ ಮಾಡಿದರೂ 250 ಮಿಲಿಲೀಟರ್ ಬಾಟಲಿ ಒಂದು ವರ್ಷ ದಾಟುತ್ತದೆ. ಲೀಟರ್ ಹೊರುವುದರಲ್ಲಿ ಅರ್ಥವಿಲ್ಲ. ಕೈಚೀಲಕ್ಕೆ 100 ಮಿಲಿಲೀಟರ್ ಮೀರಿದ ದ್ರವ ಬಿಡುವುದಿಲ್ಲ, ಸೂಟ್‌ಕೇಸಿಗೇ ಹೋಗಬೇಕು. ಕುತ್ತಿಗೆಯವರೆಗೆ ತುಂಬಿದ ಬಾಟಲಿ ಬೇಡ, ಮೇಲೆ ಎರಡು ಬೆರಳು ಖಾಲಿ ಇರಲಿ. ಮುಚ್ಚಳದ ಸುತ್ತ ಟೇಪು, ಒಂದರೊಳಗೊಂದು ಎರಡು ಜಿಪ್ ಚೀಲ, ಹಳೆ ಟವೆಲ್. ಮದುವೆಯ ರೇಷ್ಮೆ ಇರುವ ಪೆಟ್ಟಿಗೆಯಲ್ಲಂತೂ ಬೇಡ. ಈ ಕಲೆ ಹೋಗುವುದಿಲ್ಲ.

ಪಂದಿ ಕರಿಯ ವಿಷಯದಲ್ಲಿ ಇನ್ನೊಂದು ತೊಡಕು ಮಾಂಸದ್ದೇ. ಸೂಪರ್‌ಮಾರ್ಕೆಟ್ಟಿನಲ್ಲಿ ಚರ್ಮ, ಕೊಬ್ಬು ಎರಡನ್ನೂ ಸವರಿ ತೆಗೆದ ತುಂಡು ಸಿಗುತ್ತದೆ, ಅದು ಒಣ ಒಣ. ಕಸಾಯಿ ಅಂಗಡಿ ಇದ್ದರೆ ಚರ್ಮ ಸಹಿತ ಹೊಟ್ಟೆ ಭಾಗ ಕೇಳಿ, ಅದಕ್ಕೆ ಸಮ ಭುಜದ ಮಾಂಸ ಸೇರಿಸಿ. ಮಸಾಲೆಗೆ ಅರ್ಧ ಕಿಲೊಗೆ ಒಂದೂವರೆ ಚಮಚ ಕರಿಮೆಣಸು, ಎರಡು ಚಮಚ ಕೊತ್ತಂಬರಿ, ಒಂದು ಜೀರಿಗೆ, ಅರ್ಧ ಸಾಸಿವೆ. ಕಪ್ಪಾಗುವಷ್ಟು ಹುರಿಯಬೇಕು, ಅಲ್ಲೇ ಕಷ್ಟ. ಆ ಮನೆಗಳ ಹೊಗೆ ಅಲಾರಂ ಈ ಹೊಗೆಗೆ ಕಟ್ಟಡವನ್ನೇ ಎಬ್ಬಿಸುತ್ತದೆ. ಒಲೆಯ ಮೇಲಿನ ಫ್ಯಾನು ಎಷ್ಟೋ ಮನೆಗಳಲ್ಲಿ ಹೊಗೆಯನ್ನು ಹೊರಗೆ ಕಳಿಸುವುದಿಲ್ಲ, ಜಾಲರಿಯಲ್ಲಿ ಸೋಸಿ ಒಳಗೇ ಬಿಡುತ್ತದೆ. ಮಲಗುವ ಕೋಣೆಯ ಬಾಗಿಲು ಮುಚ್ಚಿ, ಕಿಟಕಿ ತೆರೆದು, ಸಣ್ಣ ಉರಿಯಲ್ಲಿ ಸ್ವಲ್ಪ ಸ್ವಲ್ಪವೇ ಹುರಿಯುವುದು ದಾರಿ. ಅಲಾರಂಗೆ ಬಟ್ಟೆ ಕಟ್ಟುವ ಉಪಾಯ ಬೇಡ, ಬಾಡಿಗೆ ಕರಾರು ಮುರಿದಂತಾಗುತ್ತದೆ, ಜೀವಕ್ಕೂ ಅಪಾಯ. ಮೆಣಸು ಊರಿನದ್ದೇ ಕಾಲು ಕಿಲೊ ಒಯ್ದರೆ ವ್ಯತ್ಯಾಸ ಗೊತ್ತಾಗುತ್ತದೆ. ಬೈಂಬಳೆ ಕರಿಗೆ ಡಬ್ಬಿಯ ಕಣಿಲೆ (ಎಳೆ ಬಿದಿರು) ಸಾಕು, ಐದು ನಿಮಿಷ ಕುದಿಸಿ ನೀರು ಚೆಲ್ಲಿದರೆ ಡಬ್ಬಿ ವಾಸನೆ ಹೋಗುತ್ತದೆ. ನೆನೆಹಾಕಿದ ಕಣಿಲೆಯ ಹುಳಿ ಮಾತ್ರ ಅದರಲ್ಲಿ ಸಿಗದು.

ಕಾಫಿ ಫಿಲ್ಟರಿಗೆ ವೋಲ್ಟೇಜಿನ ರಗಳೆ ಇಲ್ಲ, ಅದೇ ಅದರ ದೊಡ್ಡ ಗುಣ. ಮಿಕ್ಸಿಗೆ ಇದೆ. ನಮ್ಮದು 230 ವೋಲ್ಟ್. ಬ್ರಿಟನ್, ಯುರೋಪು, ಆಸ್ಟ್ರೇಲಿಯದಲ್ಲಿ ಪಿನ್ ಬದಲಿಸಿದರೆ ಓಡುತ್ತದೆ. ಅಮೆರಿಕದ 120, ಜಪಾನಿನ 100 ವೋಲ್ಟಿನಲ್ಲಿ ಓಡದು. ಅದಕ್ಕೆಂದು ಟ್ರಾನ್ಸ್‌ಫಾರ್ಮರ್ ಹೊರುವುದಕ್ಕಿಂತ ಆ ವೋಲ್ಟೇಜಿಗೇ ಮಾಡಿದ ಮಿಕ್ಸಿ ಕೊಳ್ಳುವುದು ಲೇಸು. ಫಿಲ್ಟರ್ ಇಬ್ಬರ ಅಳತೆಯದ್ದೇ ಇರಲಿ. ದೊಡ್ಡದರಲ್ಲಿ ಸ್ವಲ್ಪ ಪುಡಿ ಹಾಕಿದರೆ ಪದರ ತೆಳುವಾಗಿ ನೀರು ಬುಳ್ಳನೆ ಇಳಿದು ಡಿಕಾಕ್ಷನ್ ಸಪ್ಪೆಯಾಗುತ್ತದೆ. ಮೂರು ತುಂಬು ಚಮಚ ಪುಡಿಗೆ 120 ಮಿಲಿಲೀಟರ್ ಕುದಿನೀರು, ಕಾಲು ಗಂಟೆ. ಒಂದು ಹನಿಯೂ ಇಳಿಯದಿದ್ದರೆ ಪುಡಿ ಅತಿ ನುಣ್ಣಗೆ, ಇಲ್ಲವೇ ತೂತು ಕಟ್ಟಿದೆ. ಸುಣ್ಣದ ಅಂಶ ಹೆಚ್ಚಿರುವ ಊರಿನ ನಲ್ಲಿ ನೀರಿನಲ್ಲಿ ತಿಂಗಳೆರಡು ತಿಂಗಳಿಗೆ ತೂತು ಬಿಳಿ ಕಟ್ಟುತ್ತದೆ. ಸಮ ನೀರು ಬೆರೆಸಿದ ಬಿಳಿ ವಿನೆಗರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ.

ಪುಡಿಯನ್ನು ಕಿಲೊಗಟ್ಟಲೆ ಒಯ್ಯುವುದು ತಪ್ಪು. ಪೊಟ್ಟಣ ಒಡೆದ ಮೂರು ನಾಲ್ಕು ವಾರಕ್ಕೆ ಪರಿಮಳ ಹೋಗುತ್ತದೆ. ಕಾಲು ಕಿಲೊದ ನಾಲ್ಕು ಸೀಲು ಮಾಡಿದ ಪೊಟ್ಟಣ, ಅದರಲ್ಲಿ ಎರಡು ಹುರಿದ ಬೀಜವೇ ಆಗಿರಲಿ. ಬೀಜ ಹೆಚ್ಚು ಕಾಲ ತಾಳುತ್ತದೆ. ಹಸಿ ಬೀಜ ಬೇಡ, ಹುರಿದದ್ದಕ್ಕಿರುವ ಸಲೀಸು ಅದಕ್ಕಿಲ್ಲ. ಬೆಲ್ಲದ ಕಾಫಿ ಕುಡಿಯುವವರು ಚಿಕೋರಿ ಹಾಕದ ಪುಡಿಯನ್ನೇ ಒಯ್ಯುವುದು ಸರಿ, ಚಿಕೋರಿಯ ಸಿಹಿಗಹಿ ಬೆಲ್ಲದ ಜೊತೆ ಕೂಡದು.

ಪೆಟ್ಟಿಗೆಯಿಂದ ಹೊರಗೆ ತೆಗೆಯಬೇಕಾದವೂ ಇವೆ. ಪಂದಿ ಉಪ್ಪಿನಕಾಯಿ, ಒಣಗಿಸಿದ ಪಂದಿ ಎಷ್ಟೇ ಗಟ್ಟಿಯಾಗಿ ಸೀಲು ಮಾಡಿದ್ದರೂ ಮಾಂಸ ಮಾಂಸವೇ. ಬ್ರಿಟನ್, ಯುರೋಪಿಯನ್ ಒಕ್ಕೂಟ, ಅಮೆರಿಕ, ಆಸ್ಟ್ರೇಲಿಯ ಯಾವುದೂ ಭಾರತದಿಂದ ಅದನ್ನು ಒಳಗೆ ಬಿಡದು. ಮನೆಯ ತುಪ್ಪಕ್ಕೂ ಯುರೋಪಿನಲ್ಲಿ ಅದೇ ಗತಿ. ಒಣಕೊಬ್ಬರಿ ಎಣ್ಣೆಯಂಶದಿಂದ ಬೆಂಕಿ ಹಿಡಿಯುವ ವಸ್ತುಗಳ ಸಾಲಿನಲ್ಲಿದೆ, ವಿಮಾನದವರೇ ತೆಗೆಸುತ್ತಾರೆ. ಮದ್ದು ಸೊಪ್ಪು ಹಸಿ ಎಲೆ, ಅದೂ ಬೇಡ; ಆಗಸ್ಟ್ 3ರಂದು ಬರುವ ಕಕ್ಕಡ ತಿಂಗಳ ಹದಿನೆಂಟಕ್ಕೆ ಮಾಡುವ ಅದರ ಪಾಯಸ ಊರಲ್ಲಿದ್ದವರ ಪಾಲಿಗೆ. ಗೋಡೆಗೆ ತೂಗಲು ಪೀಚೆಕತ್ತಿ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ) ಒಯ್ಯುವ ಆಸೆ ಇದ್ದವರು ಮೊದಲು ಆ ದೇಶದ ಆಯುಧ ಕಾನೂನು ಓದಿಕೊಳ್ಳಲಿ.

ಉಳಿದದ್ದನ್ನು ಇಳಿಯುವಾಗ ಕೊಡುವ ಫಾರಂನಲ್ಲಿ ಮುಚ್ಚಿಡದೆ ಬರೆಯಿರಿ. ಮೆಣಸು, ಕಾಫಿ, ಕಾಚಂಪುಳಿಯನ್ನು ಒಂದೇ ಚೀಲದಲ್ಲಿ ಪೆಟ್ಟಿಗೆಯ ಮೇಲ್ಭಾಗದಲ್ಲಿ ಇಟ್ಟರೆ ತೋರಿಸಲು ಎರಡು ನಿಮಿಷ. ಬರೆದು ತೋರಿಸಿದ್ದನ್ನು ಬೇಡವೆಂದರೆ ಹೆಚ್ಚೆಂದರೆ ಅಲ್ಲೇ ಬಿಟ್ಟು ಬರಬೇಕಾದೀತು. ಬಚ್ಚಿಟ್ಟದ್ದು ಸಿಕ್ಕಿದರೆ ದಂಡ. ಒರಳನ್ನು ಎಕ್ಸ್-ರೇಯಲ್ಲಿ ನೋಡಿ ಇದೇನೆಂದು ಕೇಳಿದರೆ ನೂಡಲ್ಸ್ ಒತ್ತುವ ಸಾಧನ ಎಂದು ಹೇಳಿ, ತಿಳಿಯುತ್ತದೆ.